ಏರಿದರೆ ಹಳದಿ, ಇಳಿದರೆ ನೇರಳೆ

ತಾನು ಮಾಡಿದ ಕೆಲಸವನ್ನು ತನ್ನದು ಎಂದದ್ದಕ್ಕೆ ನಗ್ಮಾಳನ್ನು ಕಳ್ಳಿ ಎಂದು ಕರೆದು ಹೊರಗೆ ಕಳಿಸಿದರು.

2001ರ ಬೇಸಿಗೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ. ಅಡಿಕೆ ಧಾರಣೆಯನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ಹೊಸ ಕಂಪನಿ. ಮಾಲೀಕ ಧರ್ಮೇಂದ್ರ. ರಜೆಯಲ್ಲಿ ಪ್ರೋಗ್ರಾಂ ಬರೆಯಲು ಒಬ್ಬ ವಿದ್ಯಾರ್ಥಿ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ. 'ಪ್ರತಿಭೆಯೊಂದೇ ಅರ್ಹತೆ' ಎಂದು ದಪ್ಪ ಅಕ್ಷರದಲ್ಲಿತ್ತು. ಧಾರಣೆ ತೋರಿಸುವ ಪುಟವೊಂದನ್ನು ಮಾಡಿ, ಫ್ಲಾಪಿಯಲ್ಲಿ ಮುಂಚೆಯೇ ತಂದುಕೊಡಬೇಕಿತ್ತು.

ಆಯ್ಕೆಯ ದಿನ ಎಲ್ಲ ಅಭ್ಯರ್ಥಿಗಳನ್ನು ಕೂರಿಸಿ ಧರ್ಮೇಂದ್ರ ಗೆದ್ದ ಪುಟ ತೋರಿಸಿದ. ಮಾಡಿದವನು ಭೀಮೇಶ್ ಎಂದ. ಕಂಪನಿಗೆ ಬಂಡವಾಳ ಹಾಕಿದ ಮಂಡಿ ವರ್ತಕ ಷಡಕ್ಷರಪ್ಪನವರ ಮಗ. ದರ ಏರಿದ ಸಾಲಿಗೆ ಕಣ್ಣು ಕುಕ್ಕುವ ಹಳದಿ, ಇಳಿದ ಸಾಲಿಗೆ ಕಡು ನೇರಳೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಬಣ್ಣ ಸ್ವಲ್ಪ ಜಾಸ್ತಿ ಆಯ್ತು. ಹುಡುಗನ ಹುಮ್ಮಸ್ಸು," ಎಂದ ಧರ್ಮೇಂದ್ರ.

ಭದ್ರಾವತಿಯಿಂದ ಬುರ್ಖಾದಲ್ಲಿ ಬಂದಿದ್ದ ನಗ್ಮಾ ಎದ್ದು ನಿಂತಳು. "ಸಾರ್, ಇದು ನಂದು."

ಧರ್ಮೇಂದ್ರ ಡ್ರಾಯರಿನ ಬೀಗ ತೆಗೆದ. ಅವಳ ಫ್ಲಾಪಿ ಹಾಕಿದ. ಅದೇ ಪುಟ. ಆದರೆ ಭೀಮೇಶನ ಫೈಲಿನ ದಿನಾಂಕ ಒಂದು ವಾರ ಹಿಂದಿನದು.

"ಹಿಂದಿನದು ಅಸಲಿ. ಆಮೇಲಿನದು ನಕಲಿ. ಇನ್ನೇನಮ್ಮಾ ಹೇಳ್ತೀಯ?"

ನಗ್ಮಾ ಚೀಲ ಎತ್ತಿಕೊಂಡು ಬಾಗಿಲತ್ತ ನಡೆದಳು.

ಹೊಸ ಕಂಪನಿಯ ಬಗ್ಗೆ ಬರೆಯಲು ಬಂದಿದ್ದ ಸಂಜೆ ಪತ್ರಿಕೆಯ ವರದಿಗಾರ್ತಿ ಉಮಾಮಹೇಶ್ವರಿ ಗೋಡೆಗೊರಗಿ ನಿಂತು ಎಲ್ಲವನ್ನೂ ನೋಡಿದಳು. ಹುಡುಗಿ ಮೆಟ್ಟಿಲಿಳಿಯುವಾಗ ಅವಳ ಹಿಂದೆಯೇ ಇಳಿದಳು.

* * *

ಮೊದಲು ಠಾಣೆ.

"ಏನು ಕಳುವಾಗಿದೆ?" ಎಂದು ಕೇಳಿದ ಹೆಡ್ ಕಾನ್‌ಸ್ಟೆಬಲ್.

"ಪ್ರೋಗ್ರಾಂ," ಎಂದಳು ಉಮಾ.

"ಅಂದ್ರೆ ಫ್ಲಾಪಿ?"

"ಫ್ಲಾಪಿ ಅಲ್ಲೇ ಇದೆ. ಅದರೊಳಗಿರೋದನ್ನ ಕದ್ದಿದ್ದಾರೆ."

"ಒಳಗಿರೋದು ಈಗ ಇಲ್ವಾ?"

"ಅದೂ ಇದೆ."

ಅವನು ಪೆನ್ನು ಕೆಳಗಿಟ್ಟ. "ಫ್ಲಾಪಿ ಇದೆ, ಒಳಗಿರೋದೂ ಇದೆ. ನಾನು ಹುಡುಕಬೇಕಾದ್ದು ಏನು ಮೇಡಂ? ಅದನ್ನಾದ್ರೂ ಹೇಳಿ."

ನಗ್ಮಾ ಆಗಲೇ ಬಾಗಿಲ ಹೊರಗಿದ್ದಳು.

ಉಮಾ ಪತ್ರಿಕೆಯ ಆಫೀಸಿಗೆ ಮರಳಿದರೆ ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಷಡಕ್ಷರಪ್ಪ ನಮಗೆ ವರ್ಷವಿಡೀ ಜಾಹೀರಾತು ಕೊಡ್ತಾರೆ. ಪುರಾವೆ ಇಲ್ಲದೆ ಒಂದು ಸಾಲೂ ಬೇಡ ಮಾರಾಯ್ತಿ."

ಪುರಾವೆ. ಅದನ್ನು ಯಾವಾಗಲೂ ಕೆಳಗಿರುವವರೇ ತರಬೇಕು. ಮೇಲಿರುವವರಿಗೆ ಬಾಯಿಮಾತು ಸಾಕು.

* * *

ಮರುದಿನ ಭದ್ರಾವತಿ. ನಗ್ಮಾ ಪ್ರೋಗ್ರಾಂ ಕಲಿತ ತರಬೇತಿ ಕೇಂದ್ರ ಹಳೇನಗರದಲ್ಲಿ, ಸೈಕಲ್ ಅಂಗಡಿಯ ಪಕ್ಕದ ಕೋಣೆ. ನಡೆಸುವವರು ರಂಗಪ್ಪ, ಪೇಪರ್ ಮಿಲ್‌ನಿಂದ ಸ್ವಯಂನಿವೃತ್ತಿ ಪಡೆದವರು. ಉಮಾಳ ಮೊದಲ ಅನುಮಾನ ಅವರ ಮೇಲೆಯೇ ಇತ್ತು. ನಗ್ಮಾಳ ಕೆಲಸ ಅವರ ಕಂಪ್ಯೂಟರಿನಲ್ಲಿತ್ತು. ಅದನ್ನು ಅವರೇ ಭೀಮೇಶನಿಗೆ ಮಾರಿರಬಹುದಲ್ಲ?

ಸುತ್ತಿ ಬಳಸದೆ ನೇರವಾಗಿ ಕೇಳಿದಳು.

ರಂಗಪ್ಪನವರ ಮುಖ ಕೆಂಪಾಯಿತು. "ಮಾರ್ಕೊಳ್ಳೋ ಬುದ್ಧಿ ಇದ್ದಿದ್ರೆ ಇಂಥ ಡಬ್ಬಾ ಇಟ್ಕೊಂಡು ಕೂರ್ತಿದ್ನಾ? ನೋಡಿ, ಕಣ್ಣು ಬಿಟ್ಟು ನೋಡಿ. ಊರೆಲ್ಲ ಕಲರ್ ಬಂದು ಎಷ್ಟೋ ಕಾಲ ಆಯ್ತು. ಯಾವುದೋ ಬ್ಯಾಂಕಿನೋರು ಗುಜರಿಗೆ ಹಾಕಿದ್ದು ಇವು. ನಮ್ಮ ಮಕ್ಕಳು ಇದರಲ್ಲೇ ಕಲೀಬೇಕು."

ಉಮಾ ನೋಡಿದಳು. ಕೋಣೆಯಲ್ಲಿದ್ದ ಮಾನಿಟರುಗಳೆಲ್ಲ ಕಪ್ಪು ಬಿಳುಪಿನವು.

"ನಗ್ಮಾ ಮಾಡಿದ ಪುಟ ಇದರಲ್ಲಿದೆಯಾ?"

"ಇದೆ. ತೆರೆದು ತೋರಿಸ್ಲಾ?"

ಪುಟ ತೆರೆಯಿತು. ದುರ್ಗಿಗುಡಿಯಲ್ಲಿ ಜನ ನಕ್ಕ ಪುಟ ಇಲ್ಲಿ ಬೇರೆಯೇ ಆಗಿತ್ತು. ಏರಿದ ದರದ ಸಾಲು ಬೆಳ್ಳಗೆ, ಇಳಿದದ್ದು ಕಪ್ಪಗೆ. ದೂರದಿಂದಲೇ ಓದಬಹುದಿತ್ತು.

ಉಮಾ ಕುರ್ಚಿ ಎಳೆದು ಕೂತಳು.

* * *

ನಗ್ಮಾಳ ಮನೆ ಎರಡು ಬೀದಿ ಆಚೆ. ಅಪ್ಪ ಸನಾವುಲ್ಲಾ ಲಾರಿ ಮೆಕ್ಯಾನಿಕ್, ಕೆಲಸಕ್ಕೆ ಹೋಗಿದ್ದರು. ಬಾಗಿಲಲ್ಲಿ ನಿಂತವರು ತಾಯಿ ಅಖ್ತರ್ ಬೀ.

"ಕ್ಲಾಸ್ ಬಂದ್ ಮಾಡ್ಸಿದೀನಿ," ಎಂದರು. "ಬೀದೀಲಿ ಕೇಳ್ತಾರೆ, ನಿಮ್ಮ ಹುಡುಗಿ ಶಿವಮೊಗ್ಗದಲ್ಲಿ ಏನ್ ಕದ್ಲಂತೆ ಅಂತ. ಇವಳ ಹಿಂದೆ ಇನ್ನೂ ಮೂರು ಹೆಣ್ಮಕ್ಕಳು ಆ ಕ್ಲಾಸಿಗೆ ಹೊರಟಿದ್ರು. ಅವರ ಮನೇಲೂ ಬೇಡ ಅಂದ್ರು. ಸಾಕು, ಬಿಡಿ."

"ಒಂದೇ ಪ್ರಶ್ನೆ. ನಗ್ಮಾ, ಹಳದಿ, ನೇರಳೆ ಯಾಕೆ ಹಾಕಿದೆ?"

ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು. "ಪುಸ್ತಕದಲ್ಲಿ ಏರಿದ್ರೆ ಹಸಿರು, ಇಳಿದ್ರೆ ಕೆಂಪು ಅಂತಿತ್ತು ಮೇಡಂ. ಹಾಕಿದೆ. ನಮ್ಮ ಸ್ಕ್ರೀನಲ್ಲಿ ಎರಡೂ ಒಂದೇ ಬೂದಿ ಥರ ಕಂಡ್ವು. ಒಂದೊಂದೇ ಹಾಕಿ ನೋಡ್ದೆ. ಬೇರೆ ಬೇರೆ ಕಂಡಿದ್ದು ಇವೆರಡೇ. ಅವು ಕಲರಲ್ಲಿ ಹೇಗೆ ಕಾಣ್ತವೆ ಅಂತ ಆವತ್ತು ಅಲ್ಲೇ ನೋಡಿದ್ದು. ನಾಚಿಕೆ ಆಯ್ತು."

"ನಾಳೆ ನನ್ನ ಜೊತೆ ಬರ್ತೀಯಾ?"

ನಗ್ಮಾ ತಾಯಿಯತ್ತ ನೋಡಿದಳು.

"ಒಬ್ಬಳನ್ನೇ ಕಳಿಸಲ್ಲ," ಎಂದರು ಅಖ್ತರ್ ಬೀ. "ನಾನೂ ಬರ್ತೀನಿ."

* * *

ಗೆದ್ದ ಹುಡುಗನ ಫೋಟೊ ಬೇಕು ಎಂದು ಉಮಾ ಹೇಳಿದ್ದಕ್ಕೆ ಧರ್ಮೇಂದ್ರ ಹೊಸ ಅಂಗಿ ಹಾಕಿಕೊಂಡು ಕಾದಿದ್ದ. ಭೀಮೇಶ್ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ. ಉಮಾಳ ಹಿಂದೆ ಬಂದವರನ್ನು ನೋಡಿ ಇಬ್ಬರ ಮುಖವೂ ಬಾಡಿತು.

ಉಮಾ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೂಲೆಯ ಗಡಿಯಾರ ಒತ್ತಿ ವರ್ಷವನ್ನೇ ಬದಲಿಸಿದಳು. ಒಂದು ಸಾಲು ಬರೆದು ಉಳಿಸಿದಳು.

"ದಿನಾಂಕ ನೋಡಿ. ಇದನ್ನ ನಾನು ನಿಮ್ಮ ಕಂಪನಿ ಹುಟ್ಟೋಕೆ ಮುಂಚೆ ಬರೆದೆ."

ಅವಳು ಹುಡುಗನತ್ತ ತಿರುಗಿದಳು.

"ಭೀಮೇಶ್, ನಿಮ್ಮ ಮನೇಲಿ ಎಂಥ ಮಾನಿಟರ್?"

"ಕಲರ್."

"ಇಳಿದ ದರಕ್ಕೆ ನೇರಳೆ ಯಾಕೆ ಹಾಕಿದೆ?"

"ಚೆನ್ನಾಗಿ ಕಾಣುತ್ತೆ ಅಂತ."

"ನಿಂಗೆ ಚೆನ್ನಾಗಿ ಕಾಣ್ತಾ? ನಿಜ ಹೇಳು."

ಹುಡುಗ ಪರದೆ ನೋಡಿದ. ಧರ್ಮೇಂದ್ರನನ್ನು ನೋಡಿದ. "ಅಸಹ್ಯವಾಗಿದೆ ಅಂತ ನಾನು ಅವತ್ತೇ ಹೇಳ್ದೆ. ಏನೂ ಮುಟ್ಟಬೇಡ, ಕೆಟ್ಟುಹೋಗುತ್ತೆ ಅಂತ ಧರ್ಮೇಂದ್ರಣ್ಣನೇ ಅಂದ್ರು."

"ಲೇ," ಎಂದ ಧರ್ಮೇಂದ್ರ.

ಉಮಾ ಎದ್ದು ನಿಂತಳು. "ಬಣ್ಣ ಕಾಣೋರು ಯಾರೂ ಇದನ್ನ ಆರಿಸಲ್ಲ. ಬಣ್ಣ ಕಾಣದ ಪರದೆಯಲ್ಲಿ ಮಾತ್ರ ಇದು ಸರಿ. ಅಂಥ ಪರದೆ ಇರೋದು ನಗ್ಮಾಳ ಕ್ಲಾಸಲ್ಲಿ, ಭೀಮೇಶನ ಮನೇಲಲ್ಲ. ಹಾಗಾಗಿ ಮಾಡಿದವಳು ಅವಳು. ಅವಳ ಫ್ಲಾಪಿ ಇದ್ದದ್ದು ನಿಮ್ಮ ಡ್ರಾಯರಲ್ಲಿ, ಬೀಗದ ಕೈ ನಿಮ್ಮ ಹತ್ತಿರ. ಷಡಕ್ಷರಪ್ಪನವರ ಮಗ ಗೆಲ್ಲಬೇಕಿತ್ತು, ಅವನಿಗೆ ಪ್ರೋಗ್ರಾಂ ಬರ್ತಿರಲಿಲ್ಲ. ಇದ್ದದ್ದರಲ್ಲಿ ಒಳ್ಳೆಯದನ್ನ ತೆಗೆದು, ದಿನಾಂಕ ತಿರುಗಿಸಿ, ಅವನ ಹೆಸರು ಹಾಕಿದ್ರಿ. ಬುರ್ಖಾ ಹಾಕ್ಕೊಂಡು ಬಂದ ಹುಡುಗಿ ಎದ್ದು ನಿಂತು ಮಾತಾಡ್ತಾಳೆ ಅಂತ ನಿಮಗೆ ಅನಿಸಿರಲಿಲ್ಲ."

ಧರ್ಮೇಂದ್ರ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಅವನು ಮತ್ತೆ ಮಾತಾಡಿದಾಗ ದನಿ ಮೆತ್ತಗಾಗಿತ್ತು.

"ಆಗಿದ್ದು ಆಗ್ಹೋಯ್ತು ಮೇಡಂ. ನಂಗೂ ಕಂಪನಿ ಉಳೀಬೇಕಲ್ಲ. ನಗ್ಮಾ, ಸೋಮವಾರದಿಂದ ಕೆಲಸಕ್ಕೆ ಬಾ. ರಜೆ ಮುಗಿಯೋವರೆಗೂ. ಕಲರ್ ಮಾನಿಟರೇ ಕೊಡ್ತೀನಿ." ಒಂದು ಹಾಳೆಯ ಮೇಲೆ ಸರಸರನೆ ಬರೆದು ಮುಂದಿಟ್ಟ. "ಇಲ್ಲೊಂದು ಸೈನ್ ಹಾಕು ಅಷ್ಟೇ. ಫ್ಲಾಪಿ ಅದಲುಬದಲಾಗಿತ್ತು, ಯಾರ ಮೇಲೂ ದೂರಿಲ್ಲ ಅಂತ."

ನಗ್ಮಾ ಹಾಳೆಯನ್ನೇ ನೋಡುತ್ತಿದ್ದಳು. ಅವಳಿಗೆ ಆ ಕೆಲಸ ಬೇಕಿತ್ತು. ಅವಳ ಕೈ ಆಗಲೇ ಪೆನ್ನಿನತ್ತ ಚಾಚಿತ್ತು.

ಧರ್ಮೇಂದ್ರ ಅಖ್ತರ್ ಬೀಯತ್ತ ತಿರುಗಿದ. "ಅಮ್ಮಾ, ನೀವು ದೊಡ್ಡವರು. ಮಗಳ ಭವಿಷ್ಯ ಇದು. ಸೈನ್ ಹಾಕು ಅಂತ ನೀವೇ ಹೇಳಿ."

"ಓದು," ಎಂದರು ಅಖ್ತರ್ ಬೀ ಮಗಳಿಗೆ.

ನಗ್ಮಾ ಓದಿದಳು.

"ಕದ್ದಿದ್ದು ಯಾರು ಅಂತ ಬರ್ದಿದಾರಾ?"

"ಇಲ್ಲ ಅಮ್ಮಿ."

"ನೀನು ಕದ್ದಿಲ್ಲ ಅಂತ?"

"ಅದೂ ಇಲ್ಲ."

ಅಖ್ತರ್ ಬೀ ಹಾಳೆಯನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದರು.

"ನೀವು ಅಷ್ಟು ಮಕ್ಕಳ ಮುಂದೆ ಕಳ್ಳಿ ಅಂದ್ರಿ ಸಾಬ್. ಆ ಮಕ್ಕಳನ್ನೆಲ್ಲ ಮತ್ತೆ ಕರ್ಸಿ, ಇಲ್ಲೇ ನಿಂತು, ಕದ್ದಿದ್ದು ನಾನು ಅಂತ ಹೇಳಿ. ಆಮೇಲೆ ನೌಕರಿ ಮಾತು."

"ಅದು ಆಗಲ್ಲಮ್ಮಾ. ಸುಮ್ನೆ ಒಂದು ಮಾತು ಹೇಳಿ ಅವಳಿಗೆ."

"ಹೇಳಲ್ಲ," ಎಂದರು ಅಖ್ತರ್ ಬೀ.