ಬೀರುವಿನ ಹಿಂದಿನ ಹೂವು

ಡೈರಿಯ ಆ ದಿನದ ಪುಟದಲ್ಲಿ ಅವಳು ಬರೆದದ್ದು ಎರಡೇ ಸಾಲು.

'ಇವತ್ತು ಒಂಬತ್ತು ಸಲ ಪರವಾಗಿಲ್ಲ ಅಂದೆ. ಅದರಲ್ಲಿ ಎಂಟು ಸುಳ್ಳು.'

ಬರೆದು, ಪೆನ್ನಿನ ತುದಿ ಕಚ್ಚಿಕೊಂಡು ಕೂತಳು. ಡಿಗ್ರಿ ಮುಗಿದು ವರ್ಷವಾಗಿತ್ತು. ಪರೀಕ್ಷೆಯಲ್ಲಿ ಹಾಳೆಗಟ್ಟಲೆ ಬರೆದ ಕೈ ಇದೇ. ಆದರೆ ಎದುರಿಗೊಬ್ಬರು ನಿಂತು 'ನಿನಗೇನು ಬೇಕು' ಎಂದು ಕೇಳಿದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತದೆ! ಹೀಗೇ ಆದರೆ ಒಂದು ದಿನ ತನ್ನ ಬದುಕನ್ನೇ ಯಾರಾದರೂ ಎತ್ತಿಕೊಂಡು ಹೊರಟರೂ 'ಪರವಾಗಿಲ್ಲ' ಎಂದು ದಾರಿ ಬಿಟ್ಟುಕೊಡುತ್ತೇನೇನೋ... ಈ ಭಯವನ್ನು ಅವಳು ಡೈರಿಗೆ ಬಿಟ್ಟು ಇನ್ಯಾರಿಗೂ ಹೇಳಿರಲಿಲ್ಲ.

ಸುಳ್ಳಲ್ಲದ ಆ ಒಂದೇ ಒಂದು 'ಪರವಾಗಿಲ್ಲ' ಹೊರಬಿದ್ದದ್ದು ಹೂವಿನಂಗಡಿಯಲ್ಲಿ.

ಟೈಲರಿಂಗ್ ಮಾಡುವ ದೊಡ್ಡಮ್ಮ ಅವಳನ್ನು ದಾರದ ಉಂಡೆ ತರಲು ಕಳಿಸಿದ್ದಳು. ದಾರದ ಅಂಗಡಿಯ ಪಕ್ಕದಲ್ಲೇ ಹೂವಿನಂಗಡಿ. ಅಲ್ಲಿ ದೊಡ್ಡ ರಂಪವೇ ನಡೆದಿತ್ತು.

"ಇದು ಹೂವೇನ್ರೀ? ಬಾಟಲಿ ತೊಳೆಯೋ ಬ್ರಷ್ಷಿನ ಹಾಗಿದೆ!"

ಬೇಕರಿ ನಡೆಸುವ ಹೆಂಗಸು. ಬೀದಿಯವರೆಲ್ಲ ಅವಳನ್ನು ಬೇಕರಿಯಮ್ಮ ಎಂದೇ ಕರೆಯುತ್ತಿದ್ದರು. ಕಾಗದ ಸುತ್ತಿದ ಹೂವಿನ ಕಟ್ಟನ್ನು ಅವಳು ಮೇಜಿನ ಮೇಲೆ ಕುಕ್ಕಿದಳು.

"ಇದಕ್ಕೆ ಪ್ರೋಟಿಯಾ ಅಂತಾರಮ್ಮಾ," ಎಂದ ಅಂಗಡಿಯವನು. "ನೋಡೋಕೆ ಸ್ವಲ್ಪ ಒರಟು, ಅಷ್ಟೇ. ವಾರಗಟ್ಟಲೆ ಬಾಳುತ್ತೆ."

"ನನಗೆ ಒರಟು ಬೇಡಪ್ಪಾ, ಮೆತ್ತಗಿರೋದು ಬೇಕು. ಗುಲಾಬಿ ಕೊಡು!"

ದಾರಕ್ಕೆಂದು ಬಂದವಳು ಆ ಹೂವನ್ನೇ ನೋಡುತ್ತ ನಿಂತುಬಿಟ್ಟಳು. ಮುಷ್ಟಿಗಿಂತ ದೊಡ್ಡದು. ಒಂದರ ಮೇಲೊಂದು ಜೋಡಿಸಿದಂಥ ಗುಲಾಬಿ ಬಣ್ಣದ ಗಟ್ಟಿ ದಳಗಳು, ನಡುವೆ ಹತ್ತಿಯಂಥ ಬಿಳಿ ಗುಮ್ಮಟ, ಕೆಳಗೆ ಮರದ ಕೊಂಬೆಯಂಥ ಕಾಂಡ. ಅಷ್ಟು ಬೈಸಿಕೊಂಡರೂ ತಲೆ ತಗ್ಗಿಸದ ಹೂವು!

ಬೇಕರಿಯಮ್ಮ ಗುಲಾಬಿ ಹಿಡಿದು ಹೋದಮೇಲೆ ಅವನು ಇವಳ ಕಡೆ ತಿರುಗಿದ.

"ನೀವೇ ಹೇಳಿ, ಅಷ್ಟೊಂದು ಕೆಟ್ಟದಾಗಿದೆಯಾ?"

ಅವನ ಕಣ್ಣಲ್ಲಿ ತಮಾಷೆಯಿತ್ತು. ಅದರ ಹಿಂದೆ ಸಣ್ಣ ನೋವೂ ಇತ್ತು. ಅವಳ ಕಿವಿ ಬಿಸಿಯಾಯಿತು.

"ಪ... ಪರವಾಗಿಲ್ಲ."

ಅವನು ನಕ್ಕುಬಿಟ್ಟ. "ಬೆಳಗ್ಗೆಯಿಂದ ಈ ಹೂವಿಗೆ ಸಿಕ್ಕಿದ ಮೊದಲನೇ ಹೊಗಳಿಕೆ ಕಣ್ರೀ! ಇರಿ."

ಪರದೆಯ ಹಿಂದೆ ಹೋಗಿ ಐದು ಪ್ರೋಟಿಯಾ ಕಟ್ಟಿಕೊಂಡು ಬಂದ. ಜೊತೆಗೊಂದು ಚೀಟಿಯನ್ನೂ ಬರೆದುಕೊಟ್ಟ.

'ಕಾಂಡದ ತುದಿ ಒಂದಿಂಚು ಓರೆಯಾಗಿ ಕತ್ತರಿಸಿ. ನೀರಿಗೆ ತಾಗುವ ಎಲೆ ಕಿತ್ತುಬಿಡಿ. ಭಾರದ ಜಾಡಿಯಲ್ಲಿಡಿ, ಹಗುರದ್ದಾದರೆ ಮಗುಚುತ್ತದೆ. ಬಾಯಾರಿಕೆ ಜಾಸ್ತಿ, ದಿನ ಬಿಟ್ಟು ದಿನ ನೀರು ಬದಲಿಸಿ. ತಲೆಯ ಮೇಲೆ ನೀರು ಚಿಮುಕಿಸಬೇಡಿ.'

"ಸಾಕಿ ನೋಡಿ," ಎಂದ. "ದಾರ ತಗೊಳ್ಳೋಕೆ ಬಂದಾಗ ಸಮಾಚಾರ ಹೇಳಿ."

ಕಟ್ಟು ಕೈಯಿಂದ ಕೈಗೆ ದಾಟುವಾಗ ಬೆರಳಿಗೆ ಬೆರಳು ತಾಗಿತು... ದಾರವನ್ನೇ ಮರೆತು ಅವಳು ಮನೆಗೆ ಬಂದಳು!

ಆದರೆ ಹೂವನ್ನು ಇಡುವುದೆಲ್ಲಿ? ಮುಂದಿನ ಕೋಣೆಯಲ್ಲಿ ದೊಡ್ಡಮ್ಮನ ಮಿಷಿನ್, ಗಿರಾಕಿಗಳ ಬೆಂಚು. ಅಲ್ಲಿಟ್ಟರೆ 'ಯಾರು ಕೊಟ್ಟಿದ್ದು?' ಎಂಬ ಪ್ರಶ್ನೆ ಖಂಡಿತ. ಉತ್ತರ ಹೇಳುವ ಧೈರ್ಯ ಯಾರಿಗಿದೆ! ಖಾಲಿ ಪಿಂಗಾಣಿ ಜಾಡಿಗೆ ನೀರು ತುಂಬಿದಳು. ಅಡಿಗೆಮನೆಯ ಚಾಕುವಿನಿಂದ ಹೇಗೋ ಕಾಂಡ ಕೊಯ್ದಳು. ಕಿಟಕಿಯಿಲ್ಲದ ತನ್ನ ಹಿಂದಿನ ಕೋಣೆಯಲ್ಲಿ, ಬೀರುವಿನ ಹಿಂದೆ ಹೂವನ್ನು ಅಡಗಿಸಿಟ್ಟಳು.

ಅಂದಿನಿಂದ ದಾರದ ಖರ್ಚು ಏಕಾಏಕಿ ಹೆಚ್ಚಿತು.

"ನೀರು ಎಷ್ಟು ಕುಡೀತು?" ಅವನು ಕೇಳುವನು.

"ಎರಡು ಲೋಟ."

"ಊಟ?"

"ಹೂವು ಊಟಾನೂ ಮಾಡುತ್ತಾ?"

"ಹೂವಿಂದಲ್ಲರೀ, ನಿಮ್ಮದು!"

ಅವಳು ದಾರದ ಪೊಟ್ಟಣವನ್ನು ಮುಖಕ್ಕೆ ಅಡ್ಡ ಹಿಡಿದು ಓಡಿಬರುವಳು. ಡೈರಿಯಲ್ಲಿ 'ಪರವಾಗಿಲ್ಲ'ದ ಲೆಕ್ಕ ಕಡಿಮೆಯಾಗುತ್ತಿತ್ತು.

ಆರನೇ ದಿನ ದೊಡ್ಡಮ್ಮ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದಳು, "ಲೇ ಮೌನಗೌರಿ, ಬೇಕರಿಯಮ್ಮ ತನ್ನ ಮಗನಿಗೆ ನಿನ್ನನ್ನ ಕೇಳಿದಾಳೆ. ಮೆತ್ತಗಿರೋ ಹುಡುಗಿ ಬೇಕಂತೆ. ಭಾನುವಾರ ಬಟ್ಟೆ ಟ್ರಯಲ್ ನೋಡೋಕೆ ಬರ್ತಾಳೆ, ಅವತ್ತೇ ಉತ್ತರ ಕೊಡ್ಬೇಕು. ಏನಂತೀಯ?"

ಬೇಡ... ಬೇಡ... ಗಂಟಲಿನವರೆಗೆ ಬಂದ ಮಾತು ಅಲ್ಲೇ ಕೂತಿತು.

"ಸುಮ್ಮನಿದ್ರೆ ಒಪ್ಪಿಗೆ ಅಂತಲೇ ಹೇಳಿಬಿಡ್ತೀನಿ ನೋಡು," ಎಂದು ದೊಡ್ಡಮ್ಮ ಮಿಷಿನ್ ತುಳಿಯತೊಡಗಿದಳು.

ಶನಿವಾರ ಬೆಳಗ್ಗೆ ನೀರು ಬದಲಿಸಲು ಜಾಡಿ ಎಳೆದವಳು ಬೆಚ್ಚಿಬಿದ್ದಳು. ಕಣ್ಣಿಗೆ ಬಿದ್ದ ಎಲೆಗಳೆಲ್ಲ ಸುಟ್ಟ ಕಾಗದದಂತೆ ಕಪ್ಪು!

ಚೀಟಿಯಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಮಾಡಿದ್ದಳಲ್ಲ? ಹಾಗಾದರೆ... ಪರದೆಯ ಹಿಂದೆ ಹೋಗಿ ಅವನು ಕಟ್ಟಿಕೊಟ್ಟದ್ದು ಬೇಕರಿಯಮ್ಮ ಕುಕ್ಕಿಹೋದ ಹೂವನ್ನೇ? ಬೇಡವಾದದ್ದನ್ನು ಸಾಗಹಾಕಲು ಎಲ್ಲರಿಗೂ ನಾನೇ ಸಿಕ್ಕೆನೇ? ಹೇಗಿದ್ದರೂ 'ಪರವಾಗಿಲ್ಲ' ಎನ್ನುವವಳು ತಾನೇ!

ಅವಳ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. ಒಂದು ಹೂವನ್ನು ಹಿಡಿದು ಹೋಗಿ ಅವನ ಮೇಜಿನ ಮೇಲಿಟ್ಟಳು.

"ಅಯ್ಯೋ, ಎಲೆ ಕಪ್ಪಾಯ್ತಾ? ಎಲ್ಲಿಟ್ಟಿದ್ರಿ ಇದನ್ನ?"

"ಅವರು ಬೇಡ ಅಂದಿದ್ದನ್ನೇ ನನಗೆ ಕೊಟ್ರಾ?"

ಅವನ ನಗು ಮಾಯವಾಯಿತು. "ಅವತ್ತು ಬೆಳಗ್ಗೆ ತಾನೇ ಬಂದ ಹೂವುರೀ ಅದು. ಒಳಗಿನ ಬಕೆಟ್ಟಿಂದ ಆರಿಸಿ ಆರಿಸಿ ತಂದೆ. ನನ್ನನ್ನ ಅಂಥವನು ಅಂದ್ಕೊಂಡ್ರಾ?"

"ಪರವಾಗಿಲ್ಲ," ಎಂದು ಅವಳು ತಿರುಗಿ ನಡೆದಳು. ಇದು ಸುಳ್ಳು! ಇಷ್ಟು ದೊಡ್ಡ ಸುಳ್ಳನ್ನು ಅವಳು ಯಾವತ್ತೂ ಹೇಳಿರಲಿಲ್ಲ.

"ರೀ! ಎಲೆ ಹಾಳಾಗಿ ಹೋಗ್ಲಿ... ಹೂವಿನ ಮುಖ ನೋಡಿದ್ರಾ?" ಅವನ ದನಿ ಬೆನ್ನಿಗೆ ಬಡಿಯಿತು.

ನೋಡಿರಲಿಲ್ಲ.

ಭಾನುವಾರ ಬೆಳಗ್ಗೆ ನೋಡಿದಳು. ಉಳಿದ ನಾಲ್ಕೂ ಹೂಗಳು ಮೊದಲ ದಿನ ಹೇಗಿದ್ದವೋ ಹಾಗೇ ಇದ್ದವು. ಅದೇ ಗುಲಾಬಿ ಬಣ್ಣ, ಅದೇ ಸೆಟೆದ ಕತ್ತು. ಇನ್ನೊಂದೂ ಕಣ್ಣಿಗೆ ಬಿತ್ತು. ಬೀರುವಿನಾಚೆ ಬಾಗಿಲ ಕಡೆಗೆ ಇಣುಕಿದ್ದ ಒಂದು ಕಾಂಡದ ಎಲೆಗಳು ಮಾತ್ರ ಹಸಿರಾಗೇ ಇದ್ದವು!

ಅವಳಿಗೆ ಅರ್ಥವಾಯಿತು. ಹೂವು ಹಳಸಲಾಗಿರಲಿಲ್ಲ. ಅವನು ಮೋಸ ಮಾಡಿರಲಿಲ್ಲ. ಅದಕ್ಕೆ ಬೆಳಕು ಬೇಕಿತ್ತು. ಕತ್ತಲಲ್ಲಿ ಕೂಡಿಹಾಕಿದವಳು ತಾನೇ...

'ಇನ್ನು ಸಾಕು!'

ಎದ್ದಳು. ಕೈಗೆ ಮೊದಲು ಸಿಕ್ಕಿದ್ದು ದೊಡ್ಡಮ್ಮನ ಬಟ್ಟೆ ಕತ್ತರಿ. ಅದರಲ್ಲಿ ಕಾಗದ ಕತ್ತರಿಸಿದರೂ ಅಲಗು ಮೊಂಡಾಯಿತೆಂದು ಆ ಮನೆಯಲ್ಲಿ ಎರಡು ದಿನ ಮಾತುಕತೆ ಬಂದ್. ಗೊತ್ತಿತ್ತು. ಗೊತ್ತಿದ್ದೇ ನಾಲ್ಕೂ ಗಟ್ಟಿ ಕಾಂಡಗಳನ್ನು ಅದರಲ್ಲೇ ಕಟಕಟನೆ ಓರೆಯಾಗಿ ಕತ್ತರಿಸಿದಳು. ಕಪ್ಪು ಎಲೆಗಳನ್ನೆಲ್ಲ ಕಿತ್ತು ಎಸೆದಳು. ಹೊಸ ನೀರು ತುಂಬಿದ ಜಾಡಿಯನ್ನು ಅಪ್ಪಿ ಹಿಡಿದು ಮುಂದಿನ ಕೋಣೆಗೆ ನಡೆದಳು. ಗಿರಾಕಿಗಳ ಬೆಂಚಿನ ಎದುರಿಗೇ, ಬೆಳಕು ಸುರಿಯುತ್ತಿದ್ದ ಕಿಟಕಿಯಲ್ಲಿ ಅದನ್ನಿಟ್ಟಳು.

ಬೇಕರಿಯಮ್ಮ ಬಂದು ಕೂತವಳೇ ಹೌಹಾರಿದಳು. "ಅದೇ ಬ್ರಷ್ಷು! ಇದು ಇಲ್ಲಿಗೂ ಬಂತಾ?"

ದೊಡ್ಡಮ್ಮ ಅತ್ತ ಗಮನ ಕೊಡಲಿಲ್ಲ. ಗಿರಾಕಿಯ ಸ್ಯಾಟಿನ್ ಬಟ್ಟೆಗೆ ಕತ್ತರಿಯಿಟ್ಟು ಎರಡಂಗುಲ ಹೋಗಿದ್ದಳಷ್ಟೇ. ಬಟ್ಟೆ ಕಚಕ್ಕನೆ ಕಚ್ಚಿಕೊಂಡು ನೂಲು ಎದ್ದಿತು.

"ನನ್ನ ಕತ್ತರಿ! ಅಲಗೇ ಮುಕ್ಕಾಗಿಹೋಗಿದೆ... ಯಾರು ಮುಟ್ಟಿದ್ದು ಇದನ್ನ?"

ದೊಡ್ಡಮ್ಮ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು.

"ನಾನು," ಎಂದಳು ಅವಳು. "ಹೂವಿನ ಕಾಂಡ ಕತ್ತರಿಸಿದೆ."

"ನೋಡಿದ್ರಾ!" ಬೇಕರಿಯಮ್ಮ ಮೂಗು ಮುರಿದಳು. "ಮೆತ್ತಗಿದಾಳೆ ಅಂತ ಕೇಳಿದ್ವಿ. ನಮ್ಮನೇಲಿ ಈ ಮೊಂಡಾಟವೆಲ್ಲ ನಡೆಯಲ್ಲಮ್ಮಾ..."

ದೊಡ್ಡಮ್ಮ ನಿಧಾನವಾಗಿ ತಲೆಯೆತ್ತಿದಳು. "ಹಾಳಾಗಿರೋದು ನನ್ನ ಕತ್ತರಿ. ಬೈಯೋದಿದ್ರೆ ನಾನು ಬೈತೀನಿ. ನೀವ್ಯಾಕೆ ಆಯಾಸ ಮಾಡ್ಕೋತೀರಿ?"

ಅಷ್ಟರಲ್ಲಿ ಹೊಸ್ತಿಲಲ್ಲಿ ಯಾರೋ ಕೆಮ್ಮಿದರು. ಅವನು! ಕೈಯಲ್ಲೊಂದು ಚೀಟಿ. ಅಂಗಡಿಯಿಂದ ಒಂದೇ ಓಟಕ್ಕೆ ಬಂದವನಂತೆ ಏದುಸಿರು.

"ಯಾರಪ್ಪಾ ನೀನು? ಭಾನುವಾರ ಹೊಸ ಆರ್ಡರ್ ತಗೊಳ್ಳಲ್ಲ," ಎಂದಳು ದೊಡ್ಡಮ್ಮ.

"ಹೂವಿನಂಗಡಿಯವನಮ್ಮಾ. ನಿಮ್ಮ ಹುಡುಗಿಗೆ ಬರೆದುಕೊಟ್ಟ ಚೀಟೀಲಿ ಒಂದು ಸಾಲು ಬಿಟ್ಟುಹೋಗಿತ್ತು..." ಅವನು ಅವಳನ್ನೇ ನೋಡುತ್ತ ಹೇಳಿದ, "ಬೆಳಕಿನಲ್ಲಿಡಿ, ಇಲ್ದಿದ್ರೆ ಎಲೆ ಕಪ್ಪಾಗುತ್ತೆ ಅಂತ. ತಪ್ಪು ನಂದೇ. ಹೂವನ್ನ ಕತ್ತಲಲ್ಲಿ ಇಡೋರೂ ಇರ್ತಾರೆ ಅಂತ ನನಗೆ ಹೊಳೀಲೇ ಇಲ್ಲ."

ಹೇಳುತ್ತಿದ್ದವನ ದೃಷ್ಟಿ ಕಿಟಕಿಗೆ ಹೋಯಿತು. ಮೂರು ಬೋಳು ಕಾಂಡ, ಒಂದು ಹಸಿರೆಲೆಯ ಕಾಂಡದ ಮೇಲೆ ನಾಲ್ಕು ಹೂಗಳು ಬಿಸಿಲಿಗೆ ಎದೆಯೊಡ್ಡಿ ನಿಂತಿದ್ದವು. ಅವನ ಮುಖ ಅರಳಿತು.

"ನಿಮಗೇ ಗೊತ್ತಾಗಿದೆ..."

"ಹೂಂ." ಅವಳ ಕಣ್ಣು ತುಂಬಿತು. "ನಿನ್ನೆ ನಿಮ್ಮನ್ನ ಏನೇನೋ ಅಂದುಬಿಟ್ಟೆ."

"ಪರವಾಗಿಲ್ಲ," ಎಂದ ಅವನು. ಇಬ್ಬರಿಗೂ ನಗು ಬಂತು.

"ಎಲೆ ಹೋದ್ರೂ ಚಿಂತೆಯಿಲ್ಲ ಕಣ್ರೀ. ಈ ಹೂವು ಇನ್ನೂ ಹತ್ತು ದಿನ ಹೀಗೇ ಇರುತ್ತೆ. ಆಮೇಲೆ ಜಾಡಿಯ ನೀರು ಆರೋಕೆ ಬಿಟ್ಬಿಡಿ. ನಿಂತಲ್ಲೇ ಒಣಗುತ್ತೆ, ಒಂದು ದಳಾನೂ ಉದುರಲ್ಲ."

ಹೇಳಿ ಮುಗಿಸಿ ಒಂದು ಹೆಜ್ಜೆ ಮುಂದೆ ಬಂದ. ದೊಡ್ಡಮ್ಮ ಮುಕ್ಕಾದ ಕತ್ತರಿ ಹಿಡಿದು ನಿಂತಿದ್ದಳು. ಬೇಕರಿಯಮ್ಮ ಕತ್ತು ಉದ್ದ ಮಾಡಿ ಕೂತಿದ್ದಳು. ಅವನು ಮಾತ್ರ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ ಮೆಲ್ಲಗೆ ಕೇಳಿದ,

"ಕತ್ತಲಲ್ಲಿ ಯಾಕೆ ಇಟ್ಟಿದ್ರಿ?"

"ಇಲ್ಲಿಟ್ಟಿದ್ರೆ ಯಾರು ಕೊಟ್ಟಿದ್ದು ಅಂತ ಎಲ್ಲರೂ ಕೇಳ್ತಿದ್ರು. ಹೇಳ್ಬೇಕಾಗ್ತಿತ್ತು."

"ಏನಂತ?"

ನಾಲಿಗೆ ಹಳೆಯ ಚಾಳಿಯಂತೆ ಅಂಗುಳದ ಕಡೆಗೆ ಹೊರಟಿತು. ಅವಳು ಕಿಟಕಿಯತ್ತ ಒಮ್ಮೆ ನೋಡಿದಳು. ಆಮೇಲೆ ದೊಡ್ಡಮ್ಮನತ್ತ ತಿರುಗಿ, ಬೇಕರಿಯಮ್ಮನಿಗೂ ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಕೊಟ್ಟವರು ನನಗಿಷ್ಟ ಅಂತ!"