ಅರ್ಧ ಆರ್ಡರ್

"ಅರ್ಧ ಕೊಡ್ತೀನಿ. ಅದಕ್ಕಿಂತ ಒಂದು ಬ್ಯಾಗೂ ಜಾಸ್ತಿ ಆಗಲ್ಲ," ಎಂದಳು ಅವಳು, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ.

ಸಗಟು ಅಂಗಡಿಯ ಯುವಕ ಬಾಯಿ ಬಿಟ್ಟುಕೊಂಡು ನಿಂತ. ಶಾಲೆ ತೆರೆಯುವ ಮುಂಚಿನ ದಿನಗಳು. ಮಕ್ಕಳೆಲ್ಲ ಇವಳ ಕಾರ್ಖಾನೆಯ ಬ್ಯಾಗೇ ಬೇಕೆಂದು ಹಟ ಹಿಡಿದಿದ್ದರು.

"ಬಂದ ಗಿರಾಕೀನ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು ನಾನು! ಇನ್ನೊಂದಿಷ್ಟು ಮೆಷಿನ್ ಹಾಕಿ, ಇನ್ನೊಂದಿಷ್ಟು ಜನ ಇಟ್ಕೊಳ್ಳಿ."

ಕಾರ್ಖಾನೆಯ ಹೆಂಗಸರು ಮುಸಿಮುಸಿ ನಕ್ಕರು. ಬಂದಾಗಲೆಲ್ಲ ಅದೇ ರಾಗ ಹಾಡುವ ಅವನಿಗೆ 'ಇನ್ನೊಂದಿಷ್ಟು' ಎಂದೇ ಹೆಸರಿಟ್ಟಿದ್ದರು.

ಅವಳು ಕತ್ತರಿ ಕೆಳಗಿಟ್ಟು ನೇರವಾಗಿ ಅವನನ್ನೇ ನೋಡಿದಳು. ಅವನ ಕಿವಿ ಕೆಂಪಾದದ್ದು ಕಂಡಿತು. ಕಾಣದವಳಂತೆ ಮಾತು ಮುಂದುವರಿಸಿದಳು.

"ಅಪ್ಪ ಇದ್ದಾಗ ಒಂದು ವರ್ಷ ಬಂದೋರಿಗೆಲ್ಲ ಹೂಂ ಅಂದ್ರು. ಹೊಸಬರನ್ನ ಸೇರಿಸ್ಕೊಂಡ್ರು. ಶಾಲೆ ಶುರುವಾಯ್ತು, ಆರ್ಡರ್ ನಿಂತೋಯ್ತು. ಬಾಗಿಲಲ್ಲಿ ನಿಂತು ಆ ಹೆಂಗಸರನ್ನ ಮನೆಗೆ ಕಳಿಸಿದ್ದು ನಾನು. ಇನ್ನೊಮ್ಮೆ ಆ ಕೆಲಸ ನನ್ನ ಕೈಲಾಗಲ್ಲ."

"ಹಾಗಾದ್ರೆ ಉಳಿದಿದ್ದನ್ನ ಬೇರೆ ಕಡೆ ನೋಡ್ಕೋತೀನಿ."

"ನೋಡ್ಕೊಳ್ಳಿ."

ಅವನು ಹೊರಟೇಹೋದ. ಅಷ್ಟು ಗಟ್ಟಿಯಾಗಿ ಮಾತಾಡಿದವಳಿಗೆ ಆ ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ.

ಆಮೇಲೆ ವಾರಗಟ್ಟಲೆ ಅವನ ಸುಳಿವಿಲ್ಲ. ಒಪ್ಪಿಕೊಂಡ ಬ್ಯಾಗುಗಳನ್ನು ಒಯ್ಯಲು ಗಾಡಿಯವನಷ್ಟೇ ಬಂದ. ಬೀದಿಯಲ್ಲಿ ಸ್ಕೂಟರ್ ಸದ್ದಾದರೆ ಸಾಕು, ಅವಳ ಕತ್ತು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು.

"ಹಾಲಿನವನು ಕಣೇ," ಎಂದು ರೇಗಿಸುತ್ತಿದ್ದಳು ಪಟ್ಟಿ ಹೊಲಿಯುವ ಚಿಕ್ಕಮ್ಮ. "ಅಷ್ಟು ಜೀವ ಎಳೀತಿದ್ರೆ, ಪೂರ್ತಿ ಕೊಡ್ತೀನಿ ಅಂತ ಫೋನ್ ಮಾಡು."

"ಅವ್ರು ಬರ್ಲಿ ಅಂತ ಆಗದ ಮಾತು ಕೊಡ್ಲಾ ಚಿಕ್ಕಮ್ಮ? ಬರದಿದ್ರೆ ಬೇಡ." ಹೇಳಿದಳೇನೋ ನಿಜ; ಮುಂದಿನ ಸ್ಕೂಟರ್ ಸದ್ದಿಗೂ ಕತ್ತು ತಿರುಗಿತು.

ಶಾಲೆಗಳು ಶುರುವಾದ ಮೇಲೆ ಒಂದು ಬೆಳಿಗ್ಗೆ ಅವನು ಬಂದ. ಸೊರಗಿದ್ದ. ಕೂರಿ ಎನ್ನುವ ಮೊದಲೇ ಬಟ್ಟೆಯ ಸುರುಳಿಯ ಮೇಲೆ ಕೂತ.

"ಬೇರೆ ಕಡೆ ಹೊಲಿಗೆ ನೋಡಿದೆ, ಮನಸ್ಸು ಬರಲಿಲ್ಲ. ಗಿರಾಕಿಗಳಿಗೆ ಇಷ್ಟೇ ಇರೋದು ಅಂದ್ಬಿಟ್ಟೆ. ಬೈದ್ರು. ಅಣ್ಣನೂ ಬೈದ."

"ನನ್ನಿಂದ ನಷ್ಟ ಆಯ್ತು ಅಂತ ಹೇಳೋಕೆ ಬಂದ್ರಾ?"

"ಅಲ್ಲ. ಮುಂದಿನ ವರ್ಷದ್ದನ್ನ ಈಗಿಂದ್ಲೇ ಹೊಲೀರಿ. ಸೀಸನ್ ಮುಗಿದ್ಮೇಲೆ ನಿಮ್ಮ ಮೆಷಿನ್ ಸುಮ್ನೆ ಕೂತಿರುತ್ತೆ, ನಮ್ಮ ಗೋಡೌನ್ ಖಾಲಿ ಬಿದ್ದಿರುತ್ತೆ. ತಿಂಗಳು ತಿಂಗಳು ಬಂದು ತಗೋತೀನಿ, ದುಡ್ಡೂ ಆಗ್ಲೇ ಕೊಡ್ತೀನಿ. ಯಾರನ್ನೂ ಮನೆಗೆ ಕಳಿಸೋದು ಬೇಡ."

ಮೊದಲೇ ಹೊಲಿದಿಡಲು ಅವಳಲ್ಲಿ ಜಾಗವೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ. ಎರಡನ್ನೂ ಇವನು ಹೊತ್ತು ತಂದಿದ್ದ.

"ಆಗ್ಲೂ ಎಲ್ಲರಿಗೂ ಸಾಲದೆ ಹೋಗ್ಬಹುದು," ಎಂದಳು.

"ಸಾಲದಿದ್ರೆ ಇಲ್ಲ ಅಂತ ನಾನೇ ಹೇಳ್ತೀನಿ. ಈಗ ಅಭ್ಯಾಸ ಆಗಿದೆ."

"ತಿಂಗಳು ತಿಂಗಳು ಗಾಡಿಯವನು ಬಂದ್ರೆ ಸಾಕಲ್ವಾ?" ತುಟಿಯಂಚಿನ ನಗು ಅಡಗಿಸಿ ಓರೆಗಣ್ಣಲ್ಲಿ ಕೇಳಿದಳು.

ಅವನು ನೆಲ ನೋಡಿದ. ಧೈರ್ಯ ಮಾಡಿ ತಲೆ ಎತ್ತಿದ. "ಬ್ಯಾಗು ಬರೀ ನೆಪ. ನಿಮ್ಮನ್ನ ನೋಡ್ದೆ ಇರಕ್ಕಾಗಲ್ಲ ನಂಗೆ."

ಮೆಷಿನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರೆಲ್ಲ ಇವರನ್ನೇ ನೋಡುತ್ತಿದ್ದರು. ಅವಳು ನಾಚಿ ಒಳಗೆ ಓಡುವವಳಲ್ಲ. ಎದ್ದು ಬಂದು, ಅಷ್ಟೂ ಜನರೆದುರು ಅವನ ಕೈ ಹಿಡಿದಳು.

"ಅಮ್ಮ ಮೇಲ್ಗಡೆ ಮನೇಲಿದ್ದಾರೆ. ಬನ್ನಿ, ಹೇಳೋಣ."

"ಈಗ್ಲೇನಾ?" ಅವನು ಗಾಬರಿಯಿಂದ ಕಾಲರ್ ಸರಿಮಾಡಿಕೊಂಡ.

"ಮತ್ತೆ ಯಾವಾಗ?" ಎನ್ನುತ್ತ ಅವಳು ಮೆಟ್ಟಿಲು ಹತ್ತತೊಡಗಿದಳು. ಹಿಡಿದ ಕೈ ಬಿಡಲಿಲ್ಲ.