ಕಪ್ಪಾನ ಜೊತೆ ಕೈವ್ಯಾಪಾರ

ಮೂರು ಪಂದ್ಯ. ಒಂದು ಗೆದ್ದರೂ ಸಾಕು, ತಮ್ಮನು ಮನೆಗೆ ಬರುತ್ತಾನೆ. ಮೂರೂ ಸೋತರೆ ಅಣ್ಣನೂ ನೀರಿನಡಿಯ ಮಡಕೆಗೆ. ಪಣ ಇದು.

ಬಹಳ ಹಿಂದೆ, ಮೂಡಣ ಕಡಲಾಚೆಯ ನೀಲಾವತಿ ರಾಜ್ಯದ ಹೊಳೆಯಲ್ಲಿ ಕಪ್ಪಾ ಎಂಬ ನೀರುಜೀವಿ ಇತ್ತು. ಬೆನ್ನಿಗೆ ಆಮೆಯ ಚಿಪ್ಪು, ಮುಖಕ್ಕೆ ಕೊಕ್ಕು, ನೆತ್ತಿಯಲ್ಲೊಂದು ಗುಳಿ, ಗುಳಿಯ ತುಂಬ ನೀರು. ಆ ನೀರೇ ಅದರ ಬಲ. ಚೆಲ್ಲಿದರೆ ಬಲ ಹೋಯಿತು. ಕೊಟ್ಟ ಮಾತಿಗೆ ತಪ್ಪಿದರೂ ನೀರು ಇಂಗಿಹೋಗುತ್ತಿತ್ತು. ಹೊಳೆ ದಾಟುವವರನ್ನು ಎಳೆದು ನೀರಿನಡಿ ಬೋರಲಿಟ್ಟ ಮಡಕೆಗಳೊಳಗೆ ಕೂಡಿಡುವುದು, ಅವರ ಉಸಿರು ಕುಡಿದು ಕೊಬ್ಬುವುದು ಅದರ ಕಸುಬು.

ದನದ ವ್ಯಾಪಾರಿ ಮಾಳಿಂಗನ ತಮ್ಮ ಬೀರಣ್ಣನನ್ನೂ ಹಾಗೇ ಎಳೆದುಕೊಂಡಿತು. ಮಾಳಿಂಗ ಅಳುತ್ತಾ ಕೂರಲಿಲ್ಲ. ಕಪ್ಪಾಗೆ ಸೌತೆಕಾಯಿಯೆಂದರೆ ಪ್ರಾಣ ಎಂದು ಕೇಳಿದ್ದ. ಒಂದು ಬಂಡಿ ತುಂಬಿಸಿಕೊಂಡು ದಡಕ್ಕೆ ಬಂದು ಪಂದ್ಯ ಕಟ್ಟಿದ.

ಮೊದಲ ಪಂದ್ಯ ನೆತ್ತಿಯ ನೀರು ಚೆಲ್ಲಿಸುವುದು. ಕೈಮುಗಿದು ಬಾಗಿದವರಿಗೆ ತಾನೂ ಬಾಗದೆ ಇರುವುದು ಕಪ್ಪಾಗಳ ಕುಲದಲ್ಲಿಲ್ಲ. ಮಾಳಿಂಗ ನೆಲ ಮುಟ್ಟುವಂತೆ ಬಾಗಿದ. ಕಪ್ಪಾ ಅವನಿಗಿಂತ ಕೆಳಗೆ ಬಾಗಿತು. ಒಂದು ಹನಿಯೂ ಬೀಳಲಿಲ್ಲ! ಗುಳಿಯ ಮೇಲೆ ತಾವರೆ ಎಲೆ ಬಿಗಿದು ಕಟ್ಟಿಕೊಂಡಿತ್ತು.

"ಇದು ನಿಮ್ಮಜ್ಜನ ಕಾಲದ ಯುಕ್ತಿ, ಸಾಹುಕಾರಾ! ಹೊಸ ಮಾಲು ಇಲ್ಲವೇ?"

ಎರಡನೆಯದು ಕುಸ್ತಿ. ಹಿಡಿದದ್ದೇ ತಡ, ಕಪ್ಪಾ ಅವನನ್ನು ಎತ್ತಿ ಬೀಸಿತು. ಮಾಳಿಂಗ ತನ್ನ ಎತ್ತುಗಳ ಮುಂದೆಯೇ ಮಕಾಡೆ ಬಿದ್ದ.

"ಮರಳು ರುಚಿಯಾಗಿದೆಯೇ?"

"ಉಪ್ಪು ಕಮ್ಮಿ," ಎಂದು ಮಾಳಿಂಗ ಬಾಯಿ ಒರೆಸಿಕೊಂಡ. "ಮೂರನೆಯದು ವ್ಯಾಪಾರ. ಈ ಬಂಡಿ ಸೌತೆಕಾಯಿಗೆ ಎಷ್ಟು ಜನರನ್ನು ಬಿಡುತ್ತೀ? ಅವರಲ್ಲಿ ನನ್ನ ತಮ್ಮ ಇದ್ದರೆ ಗೆಲುವು ನನ್ನದು. ದನದ ಸಂತೆಯ ಪದ್ಧತಿ: ಬಟ್ಟೆಯ ಕೆಳಗೆ ಕೈ. ನೀನು ಎಷ್ಟು ಬೆರಳು ಕೊಡುತ್ತೀಯೋ ಅಷ್ಟು ಜನ. ಬೆರಳಿನದೇ ಮಾತು, ಬಾಯಿಮಾತು ನಡೆಯೋದಿಲ್ಲ. ಒಪ್ಪಿಗೆಯೇ?"

ಕಪ್ಪಾನ ಕೊಕ್ಕಿನಿಂದ ಜೊಲ್ಲು ಸುರಿಯಿತು. ಒಂದೇ ಬೆರಳು ಕೊಟ್ಟು, ಉಸಿರು ಬತ್ತಿದ ಮುದುಕಿಯೊಬ್ಬಳನ್ನು ದಾಟಿಸಿಬಿಡೋಣ ಎಂದುಕೊಂಡಿತು. "ಒಪ್ಪಿದೆ! ಆಣೆ!"

ಮಾಳಿಂಗ ಹೆಗಲ ವಸ್ತ್ರ ಹಾಸಿದ. ಕಪ್ಪಾ ಅದರಡಿ ತೋರುಬೆರಳು ಚಾಚಿತು. ಆದರೆ ಬೆರಳುಗಳ ನಡುವೆ ಬಾತುಕೋಳಿಯ ಪಾದದಂಥ ಚರ್ಮ! ಒಂದು ಬೆರಳು ಬರುತ್ತಲೇ ಅದರ ಹಿಂದೆ ಎಲ್ಲವೂ ಬಂದವು. ಮಾಳಿಂಗ ಇಡೀ ಕೈಯನ್ನು ಗಪ್ಪನೆ ಹಿಡಿದ.

"ಐದು! ಮುಗಿಯಿತು ವ್ಯಾಪಾರ!"

"ಅಯ್ಯೋ, ನಾನು ಕೊಟ್ಟದ್ದು ಒಂದು ಕಣಯ್ಯಾ!"

"ಹಾಗಾದರೆ ಮಿಕ್ಕ ನಾಲ್ಕು ಯಾರವು? ನಮ್ಮ ಮಾವನವೇ?"

ಕಪ್ಪಾ ಕುಣಿಯಿತು, ಬೈಯಿತು, ಚಿಪ್ಪು ಬಡಿದುಕೊಂಡಿತು. ಅಷ್ಟರಲ್ಲಿ ಎಲೆಯಡಿ ನೆತ್ತಿಯ ನೀರು ಸೊರ್ ಎಂದು ಇಂಗತೊಡಗಿತು. ಹೆದರಿ ಹೊಳೆಗೆ ಹಾರಿ ಮಡಕೆಗಳನ್ನು ಮಗುಚಿತು. ಇದ್ದದ್ದೇ ಐದು! ಐದು ಜನರೂ ಕೆಮ್ಮುತ್ತಾ ಮೇಲೆ ಬಂದರು. ಕುಡಿಯಲು ಉಸಿರೇ ಉಳಿಯದೆ ಕಪ್ಪಾ ಕುಗ್ಗಿತು, ಇನ್ನೂ ಕುಗ್ಗಿತು, ಅಂಗೈಯಷ್ಟಾಯಿತು. ಮಾಳಿಂಗ ಮಾತಿನಂತೆ ಸೌತೆಕಾಯಿಯನ್ನೆಲ್ಲ ದಡಕ್ಕೆ ಸುರಿದ. ಕಪ್ಪಾ ತನಗಿಂತ ಉದ್ದದ ಒಂದನ್ನು ತಬ್ಬಿಕೊಂಡು ಜೊಂಡಿನೊಳಗೆ ನುಸುಳಿತು. ಮತ್ತೆ ಯಾರನ್ನೂ ಮುಟ್ಟಲಿಲ್ಲ.

"ತಡವಾಯಿತಲ್ಲೋ ಅಣ್ಣಾ," ಎಂದ ಬೀರಣ್ಣ, ಗದಗದ ನಡುಗುತ್ತಾ.

"ಚೌಕಾಸಿ ಮಾಡದೆ ತರುವುದೇನೋ ನಿನ್ನನ್ನು?"

ಮೂವರು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಮುದುಕಿ ದೇವೀರವ್ವ ಮಾತ್ರ ನಿಂತೇ ಇದ್ದಳು; ಅವಳಿಗಾಗಿ ಕಾಯುವವರು ಯಾರೂ ಉಳಿದಿರಲಿಲ್ಲ.

"ಬಂಡಿ ಹತ್ತವ್ವಾ," ಎಂದ ಮಾಳಿಂಗ. "ನಮ್ಮಿಬ್ಬರಿಗೂ ಅಡಿಗೆ ಬರೋದಿಲ್ಲ."

ಅಂದಿನಿಂದ ನೀಲಾವತಿಯವರು ನಗುನಗುತ್ತಾ ಹೊಳೆ ದಾಟಿದರು. ಕೊನೆಯ ಲೆಕ್ಕ: ಹೋದದ್ದು ಒಂದು ಬಂಡಿ ಸೌತೆಕಾಯಿ. ಬಂದದ್ದು ಐದು ಜೀವ, ಭಯವಿಲ್ಲದ ಹೊಳೆ, ಗಂಡಸರಿಬ್ಬರ ಮನೆಗೊಬ್ಬ ತಾಯಿ.